ಲಿಲ್ಲಿ ಬೇಡ ಅಂದಿರಲಿಲ್ಲ

ನಾನು ಸುಳ್ಳು ಹೇಳಿದೆ. ಹನ್ನೊಂದು ವರ್ಷಗಳ ಹಿಂದೆ, ಜಪಸರದ ತಿಂಗಳಲ್ಲಿ, ಮಾತೆ ಮರಿಯಮ್ಮನ ಪ್ರತಿಮೆಯ ಎದುರು ನಿಂತೇ ಹೇಳಿದೆ — ಲಿಲ್ಲಿ ಎಂಬ ಬಡವಿಯ ಹೆಸರಿಗೆ ಮಸಿ ಬಳಿದೆ. ನಮ್ಮ ಚರ್ಚಿನ ಪತ್ರಿಕೆಯವರು ನನ್ನಿಂದ ಕೇಳಿದ್ದು ದಿನನಿತ್ಯದ ಬದುಕಿನಲ್ಲಿ ಆತ್ಮಿಕ ಬೆಳವಣಿಗೆಯ ಬಗ್ಗೆ ಲೇಖನ. ಟೀಚರ್ ಬರೆದರೆ ಚಂದವಂತೆ. ಸರಿ, ಓದಿ.

ನೆಲ್ಯಾಡಿಯ ನಮ್ಮ ಚರ್ಚ್ ವಾರ್ಡಿನಲ್ಲಿ ಅಕ್ಟೋಬರ್ ಇಡೀ ಮಾತೆಯ ಪ್ರತಿಮೆ ದಿನಕ್ಕೊಂದು ಮನೆಗೆ ಹೋಗುತ್ತದೆ. ಸಂಜೆ ಎಲ್ಲರೂ ಮೇಣದ ಬತ್ತಿ ಹಿಡಿದು ಕರೆದೊಯ್ದು, ಮಣಿ ಎಣಿಸುತ್ತ ಜಪಸರ ಹೇಳುತ್ತೇವೆ; ಮರುದಿನ ಮುಂದಿನ ಮನೆ. ಯಾರ ಮನೆ ಯಾವತ್ತು ಎಂಬ ಲಿಸ್ಟ್ ನನ್ನ ಕೈಯಲ್ಲಿತ್ತು. ಕಾನ್ವೆಂಟಿನಲ್ಲಿ ಕಲಿತವಳು, ನೀಟ್ ಹ್ಯಾಂಡ್‌ರೈಟಿಂಗ್, ಡಿಸಿಪ್ಲಿನ್ — ಇನ್ಯಾರಿಗೆ ಕೊಟ್ಟಾರು?

ಲಿಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುವವಳು. ಗಂಡ ತೀರಿದ ಮೇಲೆ ಅತ್ತೆಯ ಜೊತೆ ಗುಡ್ಡದ ಮೇಲಿನ ಎರಡು ಕೋಣೆಯ ಮನೆಯಲ್ಲಿದ್ದಳು. ಆ ಅತ್ತೆ — ನಾವೆಲ್ಲ ಅಮ್ಮಚ್ಚಿ ಎನ್ನುತ್ತಿದ್ದೆವು — ಸೊಂಟ ಮುರಿದು ನಾಲ್ಕು ವರ್ಷಗಳಿಂದ ಚರ್ಚಿನ ಮುಖ ಕಂಡಿರಲಿಲ್ಲ. ಮಾತೆ ಮನೆಗೆ ಬರುತ್ತಾಳೆಂದು ಅವರು ದಿನ ಎಣಿಸುತ್ತಿದ್ದರು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ —

ಲಿಲ್ಲಿಯ ಮನೆಯ ಸರದಿ ಬಂದ ದಿನ ನಾನು ಹೊಸ ರೇಷ್ಮೆ ಸೀರೆ ಉಟ್ಟಿದ್ದೆ. ಲಿಲ್ಲಿ ಜಗಲಿಯಲ್ಲೇ ರಬ್ಬರ್ ಶೀಟ್ ಒಣಹಾಕುತ್ತಿದ್ದಳು. ಹುಳಿತ ರಬ್ಬರ್ ಹಾಲಿನ ಆ ನಾತ ಬಟ್ಟೆಗೆ ಹಿಡಿದರೆ ಬಿಡುವುದಿಲ್ಲ. ಜಪ ನಡೆಸುವವಳು ನಾನೇ, ಹೋಗದೆ ಇರುವಂತಿರಲಿಲ್ಲ. ಕಾರಣ ಇಷ್ಟೇ. ಇಷ್ಟೇ ಎಂದು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆ.

ಪ್ರತಿಮೆ ಹೊರಡುವಾಗ ಯಾರೋ ಕೇಳಿದರು, “ಇವತ್ತು ಲಿಲ್ಲಿಯಲ್ಲಿಗೆ ಅಲ್ವಾ ಟೀಚರ್?”

“ಅವಳೇ ಫೋನ್ ಮಾಡಿ ಬೇಡ ಅಂದ್ಳು,” ಎಂದೆ.

“ಮಾತೆಯನ್ನೇ ಬೇಡ ಅನ್ಲಿಕ್ಕೆ ಅವಳಿಗೆ ಎಂತ ಕೊಬ್ಬು ಮಾರಾಯ್ರೆ.”

ನಾನು ತಿದ್ದಲಿಲ್ಲ. ಲೇಟ್ ಆಗ್ತದೆ ಎಂದು ಎಲ್ಲರನ್ನೂ ಮುಂದಿನ ಮನೆಯತ್ತ ತಿರುಗಿಸಿದೆ. ಆ ಸಂಜೆ ನನ್ನ ಜಪ ಒಮ್ಮೆಯೂ ತಡವರಿಸಲಿಲ್ಲ — ಇವತ್ತಿಗೂ ಮೈ ಉರಿಯುವುದು ಅದಕ್ಕೇ.

ಮರುದಿನ ಬೆಳಿಗ್ಗೆ ಲಿಲ್ಲಿ ನಮ್ಮ ಗೇಟಿನಲ್ಲಿ ನಿಂತಿದ್ದಳು. “ಟೀಚರ್, ನಿನ್ನೆ ಎಂತ ಆಯ್ತು? ಶೀಟೆಲ್ಲ ತೆಗ್ದು ಜಗಲಿ ತೊಳ್ದಿಟ್ಟಿದ್ದೆ. ಅಮ್ಮಚ್ಚಿ ತಲೆಗೆ ವಸ್ತ್ರ ಹಾಕಿ ಕೂತವರು ಮಲಗ್ಲಿಕ್ಕೇ ಒಪ್ಪಲಿಲ್ಲ.”

“ಲಿಸ್ಟಿನಲ್ಲಿ ಮಿಸ್ಟೇಕ್ ಆಯ್ತು. ಮುಂದಿನ ವರ್ಷ ಮೊದಲು ನಿಮ್ಮ ಮನೆಗೇ,” ಎಂದೆ.

ಅಮ್ಮಚ್ಚಿಗೆ ಮುಂದಿನ ವರ್ಷ ಇರಲಿಲ್ಲ. ಕ್ರಿಸ್ಮಸ್‌ಗೆ ಮುಂಚೆಯೇ ತೀರಿಕೊಂಡರು. ಮಣ್ಣಿಗೆ ನಮ್ಮ ವಾರ್ಡಿನವರು ಬಂದದ್ದು ನಾಲ್ಕೈದು ಮಂದಿ. ಅವರಲ್ಲೊಬ್ಬಳು ಲಿಲ್ಲಿಯ ಮುಖಕ್ಕೇ ಅಂದಳು, “ಮಾತೆಯನ್ನು ಬೇಡ ಅಂತ ಟೀಚರಿಗೆ ಫೋನ್ ಮಾಡಿದವಳಲ್ವಾ ನೀನು?” ಲಿಲ್ಲಿ ತಿರುಗಿ ನನ್ನನ್ನು ನೋಡಿದಳು.

ಅದಾದ ಮೇಲೂ ನಾನು ರಿಟ್ರೀಟ್‌ಗಳಲ್ಲಿ ಪ್ರೀತಿಯ ಬಗ್ಗೆ ಮಾತಾಡಿದೆ. ಪಾಪನಿವೇದನೆಯಲ್ಲಿ ಗುರುಗಳ ಕಿವಿಗೆ ಹೇಳಿದೆ, ಅವರು ಕೊಟ್ಟ ಪ್ರಾರ್ಥನೆ ಮುಗಿಸಿದೆ, ಮನೆಗೆ ಬಂದು ಹೊಟ್ಟೆ ತುಂಬ ಉಂಡೆ. ದೇವರಿಗೆ ಹೇಳಿಯಾಯಿತು, ಇನ್ನು ಮನುಷ್ಯರಿಗೇಕೆ ಎಂದುಕೊಂಡೆ. ಸ್ಪಿರಿಚುವಲ್ ಗ್ರೋತ್ ಎನ್ನುತ್ತೀರಿ — ನನ್ನಲ್ಲಿ ಬೆಳೆದದ್ದು ದಪ್ಪ ಚರ್ಮ. ನಾನು ಲಿಸ್ಟ್ ಬರೆಯುವುದು ಬಿಟ್ಟ ಮೇಲೂ ಲಿಲ್ಲಿಯ ಹೆಸರು ಅದರಲ್ಲಿ ಸೇರಲಿಲ್ಲ. ಬೇಡ ಅಂದವಳಿಗೆ ಯಾಕೆ ಎಂದು ಯಾರಾದರೂ ಹೇಳುತ್ತಿದ್ದರು, ನಾನು ಸುಮ್ಮನಿರುತ್ತಿದ್ದೆ.

ಕಳೆದ ವಾರ ಕೋಲು ಊರಿಕೊಂಡು ಗುಡ್ಡ ಹತ್ತಿದೆ. ಎಲ್ಲ ಹೇಳಿದೆ, ಕಣ್ಣೀರೂ ಹಾಕಿದೆ. ಲಿಲ್ಲಿ ಶೀಟ್ ಮಡಚುವುದನ್ನು ನಿಲ್ಲಿಸಲಿಲ್ಲ.

“ನನಗೆ ಹೇಳಿ ಎಂತ ಪ್ರಯೋಜನ ಟೀಚರ್? ನನಗೆ ಗೊತ್ತುಂಟಲ್ಲ. ಗೊತ್ತಿಲ್ಲದವರಿಗೆ ಹೇಳಿ.”

ಹೇಳುತ್ತಿದ್ದೇನೆ. ವಾರ್ಡಿನವರೇ, ಎಷ್ಟು ಹಂಬಲ್ ನೋಡಿ ಎಂದು ನನ್ನನ್ನು ಹೊಗಳಲು ಬರಬೇಡಿ. ಬಂದರೆ ಬಾಗಿಲು ತೆಗೆಯುವುದಿಲ್ಲ. ನನ್ನೊಬ್ಬಳ ಬಾಯಿಮಾತು ನಂಬಿ, ಅವಳನ್ನು ಒಂದು ಮಾತು ಕೇಳದೆ, ಇಷ್ಟು ವರ್ಷ ಮುಖ ತಿರುಗಿಸಿದಿರಲ್ಲ — ಅದು ನಿಮ್ಮ ಪಾಲು, ನೀವೇ ಹೋಗಿ ಅವಳಿಗೆ ಉತ್ತರ ಕೊಡಿ. ನನ್ನ ಪಾಲನ್ನು ಬರುವ ಭಾನುವಾರ, ಪೂಜೆ ಮುಗಿದ ಮೇಲೆ, ಎಲ್ಲರೆದುರು ನಿಂತು ಬಾಯಿಬಿಟ್ಟು ಹೇಳುತ್ತೇನೆ. ಲಿಲ್ಲಿಯೂ ಅಲ್ಲಿರುತ್ತಾಳೆ. ಕ್ಷಮಿಸು ಎಂದು ಅವಳನ್ನು ಕೇಳುವ ಹಕ್ಕು ನನಗಿಲ್ಲ, ಕೇಳುವುದೂ ಇಲ್ಲ.