ಹೆಂಡತಿಯ ತಲೆನೋವಿಗೆ ಗಂಡನ ಉತ್ತರ

ಗಾರ್ಗಿಯನ್ನು ಏನಾದರೂ ಕೇಳಬೇಕಿದ್ದರೆ ಅನಂತರಾಮನನ್ನು ಕೇಳಿ ಎಂದು ಸೆರಂಗೂನಿನ ಆ ಕಾಂಡೋ ಅಪಾರ್ಟ್‌ಮೆಂಟಿನ ನೆರೆಯವರು ಹೇಳುತ್ತಿದ್ದರು. ಹೊಗಳಿಕೆಯೆಂದೇ ಹೇಳುತ್ತಿದ್ದರು. ಎಂಥ ಗಂಡನಪ್ಪಾ, ಹೆಂಡತಿಗೆ ಬಾಯಿ ನೋಯಿಸಿಕೊಳ್ಳಲೂ ಬಿಡುವುದಿಲ್ಲ ಎಂದು. ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ ಅವಳಿಗೇನು ಇಷ್ಟವೆಂದು ಅವನೇ ಹೇಳುವನು. ಹಲ್ಲಿನ ಡಾಕ್ಟರ ಮುಂದೆ ಅವಳಿಗೆ ಎಲ್ಲಿ ನೋವೆಂದೂ ಅವನೇ ತೋರಿಸುವನು. ಬಾಯಿ ತೆರೆಯುವುದೊಂದನ್ನು ಅವಳಿಗೆ ಬಿಟ್ಟಿದ್ದ.

ಇಂಥ ಮಹಾನುಭಾವನಿಗೆ ದೇವರು ಎಂಥ ಕೆಲಸ ಕೊಟ್ಟ ನೋಡಿ: ಉಬಿ ಬಡಾವಣೆಯ ಆಫೀಸೊಂದರಲ್ಲಿ ಕೂತು ಹೆಂಗಸರನ್ನು ಪ್ರಶ್ನೆ ಕೇಳುವ ಸಾಫ್ಟ್‌ವೇರ್ ಕಟ್ಟುವುದು. ಕೆಲವು ದೇಶಗಳಲ್ಲಿ ಗರ್ಭನಿರೋಧಕ ಮಾತ್ರೆಯನ್ನು ಔಷಧಿ ಅಂಗಡಿಯ ಫಾರ್ಮಸಿಸ್ಟರೇ ಬರೆದುಕೊಡಬಹುದು, ಅಂಥವರಿಗೆ ಈ ಆಪ್ ಮಾರುವುದಕ್ಕೆ. ಬಿಪಿ ಇದೆಯೇ, ಸಿಗರೇಟು ಸೇದುತ್ತೀರಾ, ತಲೆನೋವು ಬರುತ್ತದೆಯೇ ಎಂದು ಅದು ಕೇಳುತ್ತದೆ. ಮಾತ್ರೆ ಒಗ್ಗುವವರಿಗೆ ಪರದೆ ಹಸಿರು, ಅಪಾಯವಿದ್ದವರಿಗೆ ಕೆಂಪು. ಪ್ರಶ್ನೆಗಳನ್ನೆಲ್ಲ ಬರೆದವಳು ಅದೇ ಆಫೀಸಿನ ಫಾರ್ಮಸಿಸ್ಟ್, ಉಡುಪಿಯ ಸುರಕ್ಷಾ. ಆಪ್ ಮಾಡಿದವನೆಂಬ ಹೆಸರು ಮಾತ್ರ ಅನಂತರಾಮನದು.

ಎರಡನೆಯ ಮಗುವಿಗೆ ವರ್ಷ ತುಂಬಿತ್ತು. ಇನ್ನು ಮಕ್ಕಳು ಸಾಕೆಂದು ತೀರ್ಮಾನಿಸಿದವನೂ ಅವನೇ. ಬೆಂಗಳೂರಿನಿಂದ ಈ ಪರದೇಶಕ್ಕೆ ಬರುವಾಗ ಹುಳಿಪುಡಿ, ಸಾರಿನಪುಡಿಯ ಜೊತೆ ಸೂಟ್‌ಕೇಸಿನಲ್ಲಿ ಮಾತ್ರೆಯನ್ನೂ ತಂದಿದ್ದ. ಇಲ್ಲಿ ಡಾಕ್ಟರ ಬಳಿ ಹೋದರೆ ಸುಮ್ಮನೆ ಪ್ರಶ್ನೆ ಕೇಳುತ್ತಾರಂತೆ!

ಆಪ್ ಕೊಳ್ಳುವವರು ಅದನ್ನು ನೋಡಲು ಆಫೀಸಿಗೆ ಬಂದ ದಿನ, ಪೇಷಂಟಾಗಿ ಕೂರಲು ಹೆಂಡತಿಯನ್ನೇ ಕರೆದೊಯ್ದ. ಪೇಷಂಟಿನ ಭಾಷೆಯಲ್ಲೂ ಕೇಳಬಹುದೆಂದು ತೋರಿಸಬೇಕಿತ್ತು; ಸುರಕ್ಷಾ ಕನ್ನಡದಲ್ಲೇ ಕೇಳಿದಳು.

"ತಲೆನೋವು ಬರುತ್ತಾ, ಗಾರ್ಗಿ?"

"ಅವಳಿಗೇನಿಲ್ಲ, ನೋ ಅಂತ ಹಾಕಿ," ಎಂದ ಅನಂತರಾಮ.

"ಸಾರ್, ಮಾತ್ರೆ ನಿಮಗಲ್ಲವಲ್ಲ."

ಗಾರ್ಗಿಗೆ ನಗು ಬಂತು. ನಗುವಿನ ಬೆನ್ನಿಗೇ ಮಾತೂ ಬಂತು. "ಬರುತ್ತೆ. ಬರೋಕೆ ಮುಂಚೆ ಕಣ್ಮುಂದೆ ಮಿಂಚು ಓಡುತ್ತೆ. ಒಂದು ಕಡೆ ಏನೂ ಕಾಣಲ್ಲ."

ಸುರಕ್ಷಾ ಬೆರಳೊತ್ತಿದಳು. ಪರದೆ ಕೆಂಪಾಯಿತು. "ಹಾಗಾದ್ರೆ ಈಸ್ಟ್ರೊಜೆನ್ ಇರೋ ಈ ಥರದ ಮಾತ್ರೆ ನಿಮಗೆ ಬೇಡವೇ ಬೇಡ. ಸ್ಟ್ರೋಕ್ ಆಗೋ ರಿಸ್ಕ್ ಜಾಸ್ತಿ. ಬೇರೆ ಥರದ್ದಿದೆ, ಡಾಕ್ಟರ್ ಹತ್ರ ಮಾತಾಡಿ."

"ಅದು ಬರೀ ಪಿತ್ತ, ಸುರಕ್ಷಾ. ಅವರ ಮನೇಲಿ ಎಲ್ಲರಿಗೂ ಇದೆ. ನಿಂಬೆಹಣ್ಣಿನ ಶರಬತ್ತು ಕುಡಿದ್ರೆ ಇಳಿಯುತ್ತೆ."

ಹೀಗೆಂದು ತಾನೇ ಬಗ್ಗಿ ಹೌದೆಂಬುದನ್ನು ಇಲ್ಲ ಮಾಡಿದ. ಹಸಿರಾಯಿತು. ಸುರಕ್ಷಾ ಮತ್ತೆ ಕೆಂಪು ಮಾಡಿದಳು. ಅವನು ಮತ್ತೆ ಹಸಿರು ಮಾಡಿದ. ಕನ್ನಡ ಬಾರದ ಆ ಗಿರಾಕಿಗಳು ಇದೂ ಒಂದು ಸೌಲಭ್ಯವಿರಬೇಕೆಂದು ತಲೆದೂಗಿದರು.

ಮನೆಗೆ ಬಂದವನೇ ಅದೇ ಥರದ ಮಾತ್ರೆಯ ಸ್ಟ್ರಿಪ್ ತಂದು ನೀರಿನ ಲೋಟದ ಪಕ್ಕ ಇಟ್ಟ.

"ತಗೋ. ಹಸಿರು ಬಂತಲ್ಲ."

"ಒತ್ತಿದ್ದು ನೀವು."

"ಆಪ್ ಮಾಡಿರೋನು ನಾನು. ನಂಗೊತ್ತಿಲ್ವಾ?"

ನಾಟಕವಾಡುತ್ತಿದ್ದನೆಂದರೆ ಕ್ಷಮಿಸಬಹುದಿತ್ತು. ತಾನೇ ಒತ್ತಿದ ಹಸಿರನ್ನು ಆ ಮನುಷ್ಯ ನಿಜವಾಗಿಯೂ ನಂಬಿದ್ದ. ಹೆಂಡತಿಯ ತಲೆಯೊಳಗಿನ ಮಿಂಚು ಅವನ ಬೆರಳಿನ ಅಪ್ಪಣೆಗೆ ಕಾಯಬೇಕಿತ್ತು.

ಗಾರ್ಗಿ ನೀರನ್ನಷ್ಟೇ ಕುಡಿದಳು.

ಮರುದಿನ ಬೆಳಿಗ್ಗೆ ಚಿಕ್ಕದನ್ನು ಕಂಕುಳಲ್ಲಿ ಎತ್ತಿಕೊಂಡು, ದೊಡ್ಡದರ ಕೈಗೆ ಅದರದೇ ಚೀಲ ಕೊಟ್ಟು, ಸೂಟ್‌ಕೇಸ್ ಎಳೆದುಕೊಂಡು ಹೊರಟಳು. ಲಿಫ್ಟಿನ ಹತ್ತಿರ ಪಕ್ಕದ ಮನೆಯ ಪುಷ್ಪಾವತಿ ಆಂಟಿ ಸಿಕ್ಕಿದರು. "ಎಲ್ಲಿಗಮ್ಮಾ, ಇಷ್ಟು ಲಗೇಜು?" ಎಂದವರು ರೂಢಿಯಂತೆ ಬಾಗಿಲಲ್ಲಿ ನಿಂತಿದ್ದ ಅನಂತರಾಮನತ್ತ ನೋಡಿದರು.

"ಅಕ್ಕನ ಮನೆಗೆ, ಎರಡು ದಿನಕ್ಕೆ," ಎಂದ ಅವನು.

"ಮೊದಲು ಡಾಕ್ಟರ್ ಹತ್ರ, ಆಂಟಿ," ಎಂದಳು ಗಾರ್ಗಿ. "ಆಮೇಲೆ ಅಕ್ಕನ ಮನೆ. ವಾಪಸ್ ಬರಲ್ಲ."

ಲಿಫ್ಟು ಬಂತು. ದೊಡ್ಡ ಮಗುವನ್ನು ಮುಂದೆ ಬಿಟ್ಟು ತಾನೂ ಹತ್ತಿದಳು.