ಬಣ್ಣ ಕೆರೆದು ನೋಡುವ ಹಸನ್ ಸಾಬ್

ಹರಪನಹಳ್ಳಿಯ ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ, ಮೆಕ್ಕೆಜೋಳದ ಲಾರಿಗಳು ಆಗಲೇ ಸಾಲುಗಟ್ಟಿವೆ. ಜಂಬಮ್ಮನ ಪಂಕ್ಚರ್ ಅಂಗಡಿಯ ಮುಂದೆ ಹಸನ್ ಸಾಬ್ ಗೋಣಿಚೀಲ ಹಾಸಿಕೊಂಡು, ಗಾಳಿ ಟ್ಯಾಂಕಿನ ಅಡಿಗೆ ತಲೆ ತೂರಿಸಿ ಮಲಗಿದ್ದಾರೆ. ಕೈಯಲ್ಲೊಂದು ಮೊಂಡು ಉಳಿ. ಕೆಂಪು ಬಣ್ಣದ ಚೂರುಗಳು ಗಡ್ಡದ ಮೇಲೆ ಉದುರುತ್ತಿವೆ.

"ಮೊನ್ನೆ ಆಯುಧಪೂಜೆಗೆ ಹೊಡ್ಸಿದ ಬಣ್ಣ ಅದು. ಯಾಕ್ ಕೆರೀತಿಯಾ ಸಾಬಣ್ಣ?" ಜಂಬಮ್ಮನಿಗೆ ಸಿಟ್ಟು ಬಂದಿದೆ. ಗಂಡ ಹೋದ ಮೇಲೆ ಅಂಗಡಿ ನಡೆಸುತ್ತಿರುವುದು ಅವರೇ. ಟ್ಯಾಂಕು ನಿಂತರೆ ಸುಗ್ಗಿಯ ದುಡಿಮೆಯೇ ನಿಂತಂತೆ.

ಸಾಬರು ಇನ್ನಷ್ಟು ಕೆರೆಯುತ್ತಾರೆ. ಕೆರೆದ ಜಾಗಕ್ಕೆ ಹರಳೆಣ್ಣೆ ಸವರಿ, ಅಂಗಿ ಗುಂಡಿಯಷ್ಟಗಲದ ಬಿಲ್ಲೆಯೊಂದನ್ನು ಒತ್ತಿ ಹಿಡಿಯುತ್ತಾರೆ. ಅದರಿಂದ ಹೊರಟ ಸದ್ದು ನಮ್ಮ ಕಿವಿಗೆ ಕೇಳುವಂಥದ್ದಲ್ಲ. ತಗಡಿನ ಒಳಮೈಗೆ ಬಡಿದು ವಾಪಸು ಬರುತ್ತದೆ. ಬೇಗ ಬಂದರೆ ತಗಡು ತೆಳುವಾಗಿದೆ ಎಂದರ್ಥ. ಬಿಲ್ಲೆಗೆ ತಂತಿಯಿಂದ ಜೋಡಿಸಿದ ಅಂಗೈಯಗಲದ ಯಂತ್ರ ಆ ದಪ್ಪವನ್ನು ಅಂಕಿಯಲ್ಲಿ ತೋರಿಸುತ್ತದೆ. ಗಾಳಿಯ ತೇವ ಇಳಿದು ಒಳಗೆ ನಿಂತ ನೀರು ತಗಡನ್ನು ಎಲ್ಲಿ ತಿಂದಿದೆ ಎಂದು ಹೊರಗಿನಿಂದ ತಿಳಿಯಲು ಸಾಬರಿಗೆ ಇರುವುದು ಇದೊಂದೇ ದಾರಿ.

ವಯಸ್ಸು ಅರವತ್ತೊಂದು. ಮನೆ ಕೂಡ್ಲಿಗಿ. ಹದಿನೆಂಟು ವರ್ಷ ಗುತ್ತಿಗೆ ಕೂಲಿಯಾಗಿ ಕಾರ್ಖಾನೆಯೊಂದರಲ್ಲಿ ತಗಡು ಪರೀಕ್ಷಿಸಿದವರು. ಹಳೆಯದೆಂದು ಅಲ್ಲಿ ಮೂಲೆಗೆ ಎಸೆದಿದ್ದ ಯಂತ್ರವನ್ನೇ ಕೇಳಿ ತಂದರು. ಈಗ ಗುಡೇಕೋಟೆಯಿಂದ ಹಡಗಲಿಯವರೆಗೆ ಹಳೇ ಮೊಪೆಡ್ ಮೇಲೆ ಸುತ್ತಾಟ. ದಿನಕ್ಕೆ ಐದಾರು ಟ್ಯಾಂಕು, ಒಂದೊಂದಕ್ಕೆ ನಲವತ್ತು ಕಡೆ ಬಿಲ್ಲೆ ಒತ್ತಬೇಕು. "ನಡಾ ಹಿಡ್ಕಂಡೈತ್ರಿ. ಮಲಗಿದ್ರ ಏಳಾಕ ಬರಂಗಿಲ್ಲ, ಎದ್ರ ಮಲಗಾಕ ಬರಂಗಿಲ್ಲ" ಎನ್ನುತ್ತಾರೆ. ನಗುವಷ್ಟು ಉಸಿರೂ ಉಳಿದಿಲ್ಲ.

ಮೊದಲು ಅವರು ಬಣ್ಣ ಕೆರೆಯುತ್ತಿರಲಿಲ್ಲ. ಹಬ್ಬಕ್ಕೆ ಬಳಿದದ್ದನ್ನು ಕೆಡಿಸಲು ಮನಸ್ಸು ಬರುತ್ತಿರಲಿಲ್ಲ. ಕೊಟ್ಟೂರಿನ ಎರ್ರೆಪ್ಪನ ಅಂಗಡಿಯಲ್ಲೂ ಬಣ್ಣದ ಮೇಲೆಯೇ ಬಿಲ್ಲೆ ಒತ್ತಿ, ನಾಲ್ಕು ಮಿಲಿಮೀಟರ್ ಇದೆ, ಗಟ್ಟಿ ಎಂದು ಹೇಳಿ ಬಂದರು. ವರ್ಷಕ್ಕೊಂದರಂತೆ ಹನ್ನೆರಡು ಕೈ ಬಣ್ಣ ಕೂತಿತ್ತು. ಬಣ್ಣದಲ್ಲಿ ಸದ್ದು ನಿಧಾನಕ್ಕೆ ಹೋಗುತ್ತದೆ, ಯಂತ್ರ ಅದನ್ನೂ ಕಬ್ಬಿಣವೆಂದೇ ಲೆಕ್ಕ ಹಿಡಿಯುತ್ತದೆ. ಒಂಬತ್ತನೇ ದಿನ ಟ್ಯಾಂಕು ಸಿಡಿಯಿತು. ಎರ್ರೆಪ್ಪ ಬದುಕಿದ, ಎರಡೂ ಕಿವಿ ಹೋದವು.

"ಅವ ಒಂದು ಮಾತೂ ಬೈಲಿಲ್ರಿ. ಬೈದಿದ್ರ ಚೊಲೋ ಇತ್ತು." ಈಗ ಕೊಟ್ಟೂರಿಗೆ ಹೋದಾಗಲೆಲ್ಲ ಎರ್ರೆಪ್ಪ ಅಂಗೈ ಮೇಲೆ ಉಗುರಿನಿಂದ ಕೆರೆದು ತೋರಿಸುತ್ತಾನೆ. ಕೆರೆದು ನೋಡಿದೆಯಾ ಎಂದು ಕೇಳುವ ಬಗೆ ಅದು.

ಜಂಬಮ್ಮನ ಟ್ಯಾಂಕು ಹೊಸದಿದ್ದಾಗ ಐದು ಮಿಲಿಮೀಟರ್ ದಪ್ಪ. ಇವತ್ತು ಬಣ್ಣದ ಮೇಲೆ ಮೂರೂಮುಕ್ಕಾಲು ತೋರಿಸಿದ್ದ ಜಾಗ ಕೆರೆದ ಮೇಲೆ ಎರಡು ಮಿಲಿಮೀಟರೂ ಇಲ್ಲ. ಸಾಬರು ಸೀಮೆಸುಣ್ಣದಲ್ಲಿ ಸುತ್ತು ಹಾಕುತ್ತಾರೆ. "ಇದು ಮುಗೀತವ್ವ. ಗಾಳಿ ಬಿಟ್ಟುಬಿಡು."

"ಸುಗ್ಗಿ ಮುಗಿಯಾತನ ತಡಿಯಣ್ಣ. ಒಂದೇ ತಿಂಗಳು."

ಅಂಗಡಿ ಮುಚ್ಚಿಸುವ ಅಧಿಕಾರ ಸಾಬರಿಗಿಲ್ಲ. ಅವರ ಬಳಿ ಕಾಗದವಿಲ್ಲ, ಮೊಹರಿಲ್ಲ. ಇಂಥ ಹೊತ್ತಿನಲ್ಲಿ ಅವರು ಮಾಡುವುದು ಒಂದೇ ಕೆಲಸ. ಗೋಣಿಚೀಲ ಎಳೆದುಕೊಂಡು ಟ್ಯಾಂಕಿಗೆ ಬೆನ್ನು ಕೊಟ್ಟು ಕೂರುತ್ತಾರೆ. "ಮೋಟ್ರು ಹಾಕವ್ವ. ನೀ ಗಾಳಿ ತುಂಬಸೋತನ ನಾ ಇಲ್ಲೇ ಕುಂತಿರ್ತೀನಿ."

ಜಂಬಮ್ಮ ಸ್ವಿಚ್ಚಿನವರೆಗೆ ಹೋಗುತ್ತಾರೆ. ಕೂತವರ ಮುಖ ನೋಡುತ್ತಾರೆ. ಸಾಬರ ಕೆಲಸ ನೋಡಲು ಬಂದ ನಾನಂತೂ ಎರಡು ಹೆಜ್ಜೆ ಹಿಂದೆ ಸರಿದಿದ್ದೇನೆ ಎಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಕೊನೆಗೆ ಆಕೆ ಬೈದುಕೊಳ್ಳುತ್ತಲೇ ಬಂದು ಕೆಳಗಿನ ನಲ್ಲಿ ತಿರುಗಿಸುತ್ತಾರೆ. ಬುಸ್ಸೆಂದು ಗಾಳಿ, ಅದರ ಹಿಂದೆ ತುಕ್ಕಿನ ಕೆಂಪು ನೀರು. ಮೊದಲ ಲಾರಿಯವನು ಹಾರ್ನ್ ಹೊಡೆದು ಮುಂದಿನ ಅಂಗಡಿಗೆ ಹೋಗುತ್ತಾನೆ. ಜಂಬಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಬಣ್ಣದ ಮೇಲಿಂದಲೇ ಸರಿಯಾಗಿ ಅಳೆಯುವ ಯಂತ್ರ ಬಂದಿದೆಯಂತಲ್ಲ, ಬೇಡವೇ ಎಂದು ಕೇಳಿದೆ. ಸಾಬರು ಮೊಣಕಾಲಿಗೆ ಕೈ ಊರಿ ಎರಡು ಸಲ ಪ್ರಯತ್ನಿಸಿ ಎದ್ದರು.

"ಯಾರರ ಕೊಟ್ರ ನಡಕ್ಕ ಸುಖಾರಿ. ಆದ್ರೂ ಕೆರಿಯೋದು ಬಿಡಂಗಿಲ್ಲ. ನಾಳಿ ಕೊಟ್ಟೂರಿಗಿ ಹೋಗಬೇಕು. ಎರ್ರೆಪ್ಪ ಕೇಳ್ತಾನ. ಹೂಂ ಅಂತ ತಲಿ ಆಡಿಸಬೇಕಲ್ರಿ ನಾನು."