ಹೊಟ್ಟೆ ಬಿಟ್ಟ ಟೈರು

ಶನಿವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಟೈರು ಅಂಗಡಿಯ ಗೇಜಣ್ಣ ತನ್ನ ಭಾವನ ಷೆಡ್ಡಿನಲ್ಲಿ ಮಂಡಿಯೂರಿ ಕೂತು ಕಾರಿನ ಮುಂದಿನ ಎಡಗಾಲಿಯ ಗಾಳಿ ಅಳೆಯುತ್ತಿದ್ದ. ಗೇಜಿನ ಮುಳ್ಳು ಮೂವತ್ತೆಂಟಕ್ಕೆ ಹೋಗಿ ನಿಂತಿತು. ತೆಗೆದು, ಮೂತಿಯನ್ನು ಊದಿ, ಮತ್ತೆ ಒತ್ತಿದ. ಮೂವತ್ತೆಂಟೇ. ಜೇಬಿನಿಂದ ಇನ್ನೊಂದು ಗೇಜು ಬಂತು. ಒಂದು ಸುಳ್ಳು ಹೇಳಿದರೆ ಸಾಕ್ಷಿಗಿರಲಿ ಎಂದು ಅವನು ಯಾವಾಗಲೂ ಎರಡು ಇಟ್ಟುಕೊಂಡಿರುತ್ತಾನೆ. ಗೇಜಣ್ಣ ಎಂಬ ಹೆಸರು ಬಂದದ್ದೂ ಅದಕ್ಕೇ. ಸಾಕ್ಷಿಯೂ ಅದನ್ನೇ ನುಡಿಯಿತು.

ಬುಧವಾರ ಅವನು ಕೈಯಾರೆ ತುಂಬಿಸಿದ್ದ ಗಾಳಿ ಇದಲ್ಲ. ಏಳು ಗಂಟೆಗೆ ಅಕ್ಕ ಈ ಕಾರು ಹತ್ತುವವಳಿದ್ದಳು.

ಕಾರು ಎಂದರೆ ಹಾಟ್ ರಾಡ್. ಲೇತ್ ಯಂತ್ರದ ಮುಂದೆ ಮೂವತ್ತು ವರ್ಷ ನಿಂತು ನಿವೃತ್ತರಾದ ಭಾವ, ಗುಜರಿಯಲ್ಲಿ ಸಿಕ್ಕ ಅಜ್ಜನ ಕಾಲದ ಕಾರಿಗೆ ಹೊಸ ಎಂಜಿನ್ ಕೂರಿಸಿ, ಬಾನೆಟ್ಟು, ಮಡ್‌ಗಾರ್ಡು ಕಳಚಿ ಹಾಕಿ, ಮೈ ತಗ್ಗಿಸಿ ಕಟ್ಟಿದ ಎರಡೇ ಸೀಟಿನ ಗಾಡಿ. ಹನ್ನೊಂದು ವರ್ಷದ ಭಾನುವಾರಗಳು ಅದಕ್ಕೆ ಹೋಗಿದ್ದವು. "ಸವತಿಯಾಗಿದ್ದರೆ ವಾರಕ್ಕೊಂದು ರಜೆನಾದ್ರೂ ತಗೋತಿದ್ದಳು," ಎಂದು ಅಕ್ಕ ಹೇಳುತ್ತಿದ್ದಳು. ಆದರೂ ಬಣ್ಣ ಒಣಗಿದ ದಿನ ಮೊದಲು ಹತ್ತಿ ಕೂತವಳು ಅವಳೇ.

ಆವತ್ತು ಭಾವ ಹಾಕಿಸಿದ್ದು ಹಳೆಯ ಕಾಲದ ಜಾತಿಯ ಟೈರು. ಅದರೊಳಗಿನ ದಾರಗಳು ಒಂದರ ಮೇಲೊಂದು ಓರೆಯಾಗಿ ಹೆಣೆದುಕೊಂಡಿರುತ್ತವೆ. ರಸ್ತೆಯಲ್ಲಿ ಲಾರಿ ಮಾಡಿದ ಗೀರು ಸಿಕ್ಕರೆ ಇಂಥ ಟೈರು ವಾಸನೆ ಹಿಡಿದ ನಾಯಿಯ ಹಾಗೆ ಅದರ ಹಿಂದೆಯೇ ಹೋಗುತ್ತದೆ. ಸೇತುವೆಯ ಮೇಲೆ ಕಾರು ಹಾಗೆಯೇ ಕಂಬಿಯ ಕಡೆಗೆ ಹೋಯಿತು. ಭಾವ ಹೇಗೋ ಎಳೆದು ನಿಲ್ಲಿಸಿದರು. ಅಕ್ಕ ಕೈಚೀಲ ತೆಗೆದುಕೊಂಡು ಇಳಿದು, ಒಂದೂವರೆ ಕಿಲೋಮೀಟರ್ ನಡೆದು ಮನೆಗೆ ಬಂದಳು. ಮೂರು ದಿನ ಬಿಟ್ಟು ಹೇಳಿದಳು: "ಇನ್ನೊಂದೇ ಸಲ ಕೂರ್ತೀನಿ. ಆಗಲೂ ಹೀಗೇ ಆದರೆ, ಮಗಳ ಮನೆಗೆ ನಾನು ಬಸ್ಸು, ನೀವು ನಿಮ್ಮ ಕಾರು."

ಭಾವ ಅಂಗಡಿಗೆ ಓಡಿಬಂದರು. ಈಗಿನ ಕಾಲದ ರೇಡಿಯಲ್ ಟೈರು ಹಾಕಿಸಿ ಎಂದ ಗೇಜಣ್ಣ. "ಲೋ, ನಿನ್ನ ರೇಡಿಯಲ್ ಹಾಕಿದರೆ ಮದುವೆ ಗಂಡಿಗೆ ಹವಾಯಿ ಚಪ್ಪಲಿ ಹಾಕಿದ ಹಾಗೆ ಕಾಣುತ್ತೆ."

"ಹಳೇ ಮುಖದ ರೇಡಿಯಲ್ ಬರುತ್ತೆ ಭಾವ. ಅದೇ ಬಿಳಿ ಪಟ್ಟಿ, ಅದೇ ಅಂಕುಡೊಂಕು ಗೀರು. ದಾರ ಮಾತ್ರ ಒಳಗೆ ನೆಟ್ಟಗೆ ಅಡ್ಡ ಹಾಯ್ದಿರುತ್ತೆ, ಮೇಲೆ ಉಕ್ಕಿನ ಪಟ್ಟಿ. ಮುಖ ನೋಡಿದವರಿಗೆ ಅಜ್ಜ, ಓಡಿಸಿದವರಿಗೆ ಮೊಮ್ಮಗ."

ಆರು ವಾರ ಕಾದ ಮೇಲೆ ಟೈರುಗಳು ಬಂದವು. ಎಷ್ಟು ಗಾಳಿ ಎಂಬುದಕ್ಕೆ ಆ ಕಾರಿನ ಹಳೆಯ ಪುಸ್ತಕದಿಂದ ಪ್ರಯೋಜನವಿಲ್ಲ. ಅರ್ಧ ಮೈ ಕಳಚಿದ ಕಾರಿನ ತೂಕ ಪುಸ್ತಕಕ್ಕೆ ಗೊತ್ತಿಲ್ಲ. ಟೈರಿನ ಪಕ್ಕೆಯ ಮೇಲೆ ಅಚ್ಚಾದ ಅಂಕಿಯೂ ಅಲ್ಲ. ಅದು ಟೈರು ತಡೆಯುವ ಗರಿಷ್ಠ. ಚೀಲದ ಮೇಲೆ ಐವತ್ತು ಕಿಲೋ ಎಂದು ಬರೆದಿದ್ದರೆ ದಿನವೂ ಅಷ್ಟನ್ನು ಹೊರಬೇಕೆಂದೇನೂ ಇಲ್ಲವಲ್ಲ. ಗೇಜಣ್ಣ ಕಾರನ್ನು ಲಾರಿ ತೂಕ ಮಾಡುವ ಕಟ್ಟೆಗೆ ಒಯ್ದು, ಅಕ್ಕನ ಸೀಟಿನಲ್ಲಿ ಮರಳಿನ ಮೂಟೆ ಕೂರಿಸಿ, ಮುಂದಿನ ಜೋಡಿ, ಹಿಂದಿನ ಜೋಡಿ ಬೇರೆ ಬೇರೆ ತೂಗಿಸಿದ. ಮುಂದೆ ನಾನೂರ ಹತ್ತು ಕಿಲೋ, ಹಿಂದೆ ಐನೂರ ಮೂವತ್ತು. ಕಂಪನಿಯ ಪಟ್ಟಿಯಲ್ಲಿ ಆ ಭಾರಕ್ಕೆ ಎಷ್ಟು ಗಾಳಿ ಎಂದು ನೋಡಿದ. ನೆಲ ಮುಟ್ಟುವ ಭಾಗಕ್ಕೆ ಅಡ್ಡಲಾಗಿ ಸೀಮೆಸುಣ್ಣದ ಗೆರೆ ಎಳೆದು ಓಡಿಸಿದ. ಗೆರೆ ನಡುವೆ ಮಾತ್ರ ಅಳಿಸಿದರೆ ಗಾಳಿ ಹೆಚ್ಚು, ಎರಡೂ ಅಂಚಿನಲ್ಲಿ ಮಾತ್ರ ಅಳಿಸಿದರೆ ಕಡಿಮೆ. ಐದನೆಯ ಸಲಕ್ಕೆ ಗೆರೆ ಉದ್ದಕ್ಕೂ ಸಮನಾಗಿ ಮಾಸಿತು. ಅಂಕಿಯನ್ನು ಚೀಟಿಯಲ್ಲಿ ಬರೆದು ಕಾರಿನ ಬಾಗಿಲ ಒಳಮೈಗೆ ಅಂಟಿಸಿದ. ಬಾಯಿಬಿಟ್ಟು ಹೇಳಲಿಲ್ಲ.

ಅವನು ಯಾರಿಗೂ ಹೇಳುವವನಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ವ್ಯಾನಿನವನಿಗೆ "ಐವತ್ತು" ಎಂದು ಕೂಗಿ ಹೇಳಿದ್ದ. ಪಕ್ಕದಲ್ಲಿದ್ದವನೊಬ್ಬ ಅದನ್ನು ಕೇಳಿಸಿಕೊಂಡು ತನ್ನ ಸಣ್ಣ ಕಾರಿಗೂ ಐವತ್ತು ತುಂಬಿಸಿಕೊಂಡ. ಮಳೆಯಲ್ಲಿ ಜಾರಿ ಕೈ ಮುರಿದುಕೊಂಡ. ಅಂದಿನಿಂದ ಮೂವತ್ತೊಂದು ವರ್ಷ, ಗಾಳಿಯ ಅಂಕಿ ಏನಿದ್ದರೂ ಚೀಟಿಯಲ್ಲಿ, ಗಾಡಿಯ ಹೆಸರಿನ ಜೊತೆ.

ನಾಲ್ಕು ಗಾಲಿಯನ್ನೂ ಅಳೆದ. ನಾಲ್ಕೂ ಮೂವತ್ತೆಂಟು. ಅಷ್ಟರಲ್ಲಿ ಭಾವ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದರು.

"ಇದಕ್ಕೆ ಗಾಳಿ ತುಂಬಿಸಿದ್ದು ಯಾರು ಭಾವ?"

"ಬಿಸಿಲಿಗೆ ಏರಿರಬೇಕು ಕಣೋ."

"ಬಿಸಿಲು ಇನ್ನೂ ಎದುರುಮನೆ ತಾರಸಿಯಿಂದ ಇಳಿದಿಲ್ಲ. ನಿಮ್ಮ ಷೆಡ್ಡಿಗೆ ಯಾವಾಗ ಬಂದು ಪಂಪ್ ಹೊಡೀತು?"

ಭಾವ ಟವೆಲ್ಲಿನಿಂದ ಒರೆಸಿದ ಕತ್ತನ್ನೇ ಒರೆಸಿದರು. "ನೋಡೋ, ನಿನ್ನೆ ನಿಂತು ನೋಡ್ತೀನಿ, ಪಕ್ಕೆ ಉಬ್ಬಿಕೊಂಡು ಹೊಟ್ಟೆ ಬಿಟ್ಟಿದೆ. ಗಾಳಿ ಇಳಿದಿದೆ ಅಂದ್ಕೊಂಡೆ. ನೆಟ್ಟಗೆ ಕಾಣೋವರೆಗೂ ಹೊಡೆದೆ."

ಗೇಜಣ್ಣ ಕಣ್ಣು ಮುಚ್ಚಿಕೊಂಡ. ರೇಡಿಯಲ್ ಟೈರಿನ ಪಕ್ಕೆ ಮೆತ್ತಗೆ. ಗಾಳಿ ಸರಿಯಾಗಿದ್ದಾಗಲೂ ಅದು ಸ್ವಲ್ಪ ಉಬ್ಬಿಯೇ ನಿಲ್ಲುತ್ತದೆ. ಹಳೆಯ ಟೈರಿಗೆ ಪಳಗಿದ ಕಣ್ಣಿಗೆ ಅದು ಪಂಕ್ಚರ್. "ಹೊಟ್ಟೆ ಇರೋದೇ ಇದರ ಆರೋಗ್ಯ ಭಾವ. ಇಷ್ಟು ಬಿಗಿ ಮಾಡಿದರೆ ನಡುಬೆನ್ನು ಮಾತ್ರ ನೆಲ ಮುಟ್ಟುತ್ತೆ. ಸೇತುವೆ ಮೇಲೆ ಚೆಂಡಿನ ಹಾಗೆ ಪುಟಿಯುತ್ತೆ. ಬಾಗಿಲಲ್ಲಿ ಚೀಟಿ ಇತ್ತಲ್ಲ?"

"ಕನ್ನಡಕ ಇಲ್ಲದೆ ನನಗೆ ಬಾಗಿಲೇ ಕಾಣಲ್ಲ. ಎಷ್ಟು ಅಂತ ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗ್ತಿತ್ತು?"

ಆ ಮಾತು ಗೇಜಣ್ಣನಿಗೆ ಸರಿಯಾಗಿ ನಾಟಿತು. ಒಬ್ಬ ಕೇಳಿಸಿಕೊಂಡು ಕೆಟ್ಟ, ಇನ್ನೊಬ್ಬರು ಕೇಳಿಸಿಕೊಳ್ಳದೆ ಕೆಡಿಸಿದರು. ಅವನು ಮತ್ತೆ ಮಂಡಿಯೂರಿ ಗಾಳಿ ಬಿಡತೊಡಗಿದ. ಬುಸ್ಸೆನ್ನುವ ಸದ್ದಿಗೆ ಅಕ್ಕ ಬಾಗಿಲಿಗೆ ಬಂದು ನಿಂತಳು, ಕೈಯಲ್ಲಿ ಅದೇ ಕೈಚೀಲ.

"ಇದೇನು, ಹೊರಡೋ ಮುಂಚೆನೇ ನಿಟ್ಟುಸಿರು ಬಿಡ್ತಿದೆ?"

"ನಿನ್ನ ಯಜಮಾನರು ಅದರ ಹೊಟ್ಟೆ ಕರಗಿಸೋಕೆ ಹೋಗಿದ್ದರು ಅಕ್ಕ."

"ಮೊದಲು ತಮ್ಮದು ಕರಗಿಸಿಕೊಳ್ಳಲಿ," ಎಂದಳು ಅಕ್ಕ. ಆದರೆ ನಗಲಿಲ್ಲ. ಚೀಲದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

ಗೇಜಣ್ಣ ನಾಲ್ಕು ಗಾಲಿಗೂ ಸೀಮೆಸುಣ್ಣದ ಗೆರೆ ಎಳೆದ. "ಮೊದಲು ಸೇತುವೆ ದಾಟಿ ವಾಪಸ್ ಬನ್ನಿ. ಗೆರೆ ನೋಡಬೇಕು. ಆಮೇಲೆ ಮಗಳ ಮನೆ."

ಕಾರು ಗುಡುಗಿಕೊಂಡು ಹೋಯಿತು. ಮೂರನೆಯ ಸೀಟಿಲ್ಲದ್ದರಿಂದ ಅವನು ಗೇಟಿಗೆ ಒರಗಿ ಗಡಿಯಾರ ನೋಡುತ್ತ ನಿಂತ. ಹೋಗಿ ಬರಲು ಐದು ನಿಮಿಷ. ಆರಾಯಿತು. ಎಂಟಾಯಿತು. ಹತ್ತಾದಾಗ, ಅಕ್ಕ ಇಳಿದು ನಡೆದು ಬರುತ್ತಿದ್ದಾಳೇನೋ ಎಂದು ಕತ್ತು ಚಾಚಿ ರಸ್ತೆಯ ಅಂಚನ್ನು ನೋಡಿದ. ಹನ್ನೊಂದನೆಯ ನಿಮಿಷಕ್ಕೆ ಸದ್ದು ಕೇಳಿತು. ಕಾರು ತಿರುವಿನಲ್ಲಿ ಕಂಡಿತು. ಅಕ್ಕ ಸೀಟಿನಲ್ಲೇ ಇದ್ದಳು.

"ಯಾಕೆ ಇಷ್ಟು ಹೊತ್ತು?"

"ಮೊದಲ ಸಲ ಕಣ್ಣು ಮುಚ್ಚಿಕೊಂಡಿದ್ದೆ. ತಿರುಗಿಸಿ ಅಂದೆ, ಇನ್ನೊಂದು ಸಲ ಕಣ್ಣು ಬಿಟ್ಟುಕೊಂಡು ದಾಟಿದೆ." ಅವಳು ಕೈಚೀಲವನ್ನು ಕಾಲ ಬಳಿ ಇಟ್ಟಳು. "ಇವತ್ತು ಕಂಬಿ ತನ್ನ ಜಾಗದಲ್ಲೇ ಇತ್ತು ಕಣೋ."

ಗೇಜಣ್ಣ ಬಗ್ಗಿ ನೋಡಿದ. ಗೆರೆಗಳು ಅಂಚಿನಿಂದ ಅಂಚಿಗೆ ಸಮನಾಗಿ ಅಳಿಸಿದ್ದವು. ಎದ್ದು ನಿಲ್ಲುವಷ್ಟರಲ್ಲಿ ಅಕ್ಕ ಕೇಳಿದಳು:

"ನೂರ ನಲವತ್ತು ಕಿಲೋಮೀಟರ್ ಇದೆ. ಅಲ್ಲಿ ಹೋಗಿ ಇವರು ಮತ್ತೆ ಪಂಪ್ ಹಿಡಿದರೆ? ಎಷ್ಟು ಅಂತ ಹೇಳು, ನಾನು ನೆನಪಿಡ್ತೀನಿ."

"ಚೀಟಿ ಇದೆಯಲ್ಲ ಅಕ್ಕ..."

"ಚೀಟಿ ಅವರು ಓದಲ್ಲ. ನನ್ನ ಮಾತು ಕೇಳ್ತಾರೆ. ಹೇಳೋ ತಮ್ಮಾ, ಬಾಯಲ್ಲೇನು ಮುತ್ತಿದೆಯಾ?"

ಅವನು ಬೀದಿಯ ಆಚೆ ಈಚೆ ನೋಡಿದ. ಎದುರುಮನೆಯವನು ತನ್ನ ಸ್ಕೂಟರ್ ಒರೆಸುತ್ತಿದ್ದ. ಗೇಜಣ್ಣ ಅವನ ಕಡೆಗೆ ಬೆರಳು ತೋರಿಸಿ, "ಇದು ನಿಮ್ಮ ಗಾಡಿಗಲ್ಲ ಸ್ವಾಮೀ!" ಎಂದು ಕೂಗಿದ. ಆಮೇಲೆ ಎಂಜಿನ್ ಸದ್ದನ್ನು ಮೀರಿಸುವಂತೆ, ಅಕ್ಕನ ಕಿವಿಯ ಹತ್ತಿರ ಬಗ್ಗಿ, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಗಟ್ಟಿಯಾಗಿ ಹೇಳಿದ:

"ಬೆಳಿಗ್ಗೆ, ಗಾಲಿ ತಣ್ಣಗಿರುವಾಗ. ಮುಂದೆ ಇಪ್ಪತ್ತನಾಲ್ಕು, ಹಿಂದೆ ಇಪ್ಪತ್ತಾರು."